ಹೊಸ ಹೆಬ್ಬೆಟ್ಟು

ಮೊನ್ನೆ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ಕುಳಿತಿದ್ದಾಗ ಹಳೆಯ ಮಿತ್ರರೊಬ್ಬರು ನನ್ನ ಮೇಲೆ ಒಂದು ಆಪಾದನೆ ಹೊರಿಸಿದರು. ಬಸವಕಲ್ಯಾಣದಲ್ಲಿ ಮನೆ ಮಾಡಿಕೊಂಡಿದ್ದೂ ನಾನು ಆ ಊರಿನ ಹೆಸರಿಗೆ ಮಸಿ ಬಳಿಯುತ್ತಿದ್ದೇನಂತೆ! ನನ್ನ ಅಪರಾಧವಾದರೂ ಏನು? ಸಿಡಿಗೆ ಹಾಡು, ಚಿತ್ರ, ಕಡತಗಳನ್ನು ತುಂಬಿ ಕಾಪಾಡುವವರು ಗುಂಡಿ ಒತ್ತುವ ಅಂದವಾದ ಕಿಟಕಿಯ ತಂತ್ರಾಂಶವನ್ನು ನೆಚ್ಚಿ ಕೂರಬಾರದು, ಕೆಲಸದ ಆದೇಶಗಳನ್ನು ಸಾಲುಸಾಲಾಗಿ ಬರೆದಿಟ್ಟ ಸ್ಕ್ರಿಪ್ಟನ್ನು ಬಳಸಬೇಕು ಎಂದು ನಾಲ್ಕು ಜನರೆದುರು ಹೇಳಿದ್ದೆ. ಅಷ್ಟೇ.

ಮಿತ್ರರು ಬಸಿಯಲ್ಲಿದ್ದ ಚಹಾ ಮುಗಿಸಿ ಮಾತಿಗೆ ಇಳಿದರು. “ಏನ್ರಿ ಮಾಸ್ತರ್, ನಿಮ್ಮೂರಾಗ ಶರಣರು ಏನ್ ಮಾಡಿದ್ರು? ಮಂತ್ರ ತಿಳೀಲಾರದ ಮಂದಿಗಿ ತಿಳಿಯೋ ಮಾತಿನಾಗ ಹೇಳಿದ್ರು. ಈ ಕಿಟಕಿ, ಈ ಗುಂಡಿ, ಈ ಚಿತ್ರ ಎಲ್ಲಾ ಅದೇ ಕೆಲಸ ಮಾಡ್ಲಿಕತ್ತಾವ. ನೀವು ನೋಡಿದ್ರ ಮತ್ತ ಕರೇ ಪರದೆ ಮುಂದ ಕುಂತು ಮಂತ್ರ ಹೇಳ್ರಿ ಅಂತೀರಿ!”

ಮಾತು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಸುತ್ತ ಕುಳಿತವರೆಲ್ಲ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಕಲ್ಯಾಣದ ಬಸ್ಸು ಬಂತು, ನಾನು ಉತ್ತರ ಹೇಳದೆ ಎದ್ದು ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಉತ್ತರ ಹೊಳೆಯುವುದು ನನ್ನಂಥವರ ಹಣೆಬರಹ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎದುರು ಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡೋಣ. ಕಿಟಕಿಯ ತಂತ್ರಾಂಶಗಳು ಉಪಕಾರ ಮಾಡಿಲ್ಲವೆಂದು ನಾನು ಎಂದೂ ಹೇಳಿಲ್ಲ. ಜರ್ಮನಿಯ ಕಂಪನಿಯೊಂದು 1997ರಲ್ಲಿ ಇಂಥದೊಂದನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ನೀರೋ ಬರ್ನಿಂಗ್ ರೋಮ್’ ಎಂದು ಹೆಸರಿಟ್ಟಿತು. ರೋಮ್ ಉರಿಯುವಾಗ ಪಿಟೀಲು ಬಾರಿಸಿದನೆಂಬ ಆ ಚಕ್ರವರ್ತಿಯ ಹೆಸರನ್ನು ಸಿಡಿ-ರಾಮ್ ಎಂಬ ಮಾತಿಗೆ ಗಂಟುಹಾಕಿದ ಆ ವಿನೋದಕ್ಕೆ ಸಾಹಿತ್ಯರಸಿಕರು ತಲೆದೂಗಬಹುದು. ಅಂಥ ತಂತ್ರಾಂಶಗಳ ಬಲದಿಂದಲೇ ಹುಮನಾಬಾದಿನಲ್ಲೂ ಕಲ್ಯಾಣದಲ್ಲೂ ಹತ್ತನೆಯ ತರಗತಿಗೆ ಶಾಲೆ ಬಿಟ್ಟ ಹುಡುಗರು ಪುಟ್ಟ ಅಂಗಡಿ ಇಟ್ಟು ಅನ್ನ ಸಂಪಾದಿಸಿದರು. ಮದುವೆಯ ವೀಡಿಯೊ, ವೀರಭದ್ರೇಶ್ವರನ ಜಾತ್ರೆ, ಮಾಣಿಕನಗರದ ದತ್ತ ಜಯಂತಿ, ದರ್ಗಾದ ಉರುಸು, ಎಲ್ಲವೂ 700 ಮೆಗಾಬೈಟಿನ ಆ ಹೊಳೆಯುವ ಬಿಲ್ಲೆಗಳಲ್ಲಿ ಕುಳಿತು ಮನೆಮನೆಗೆ ಹೋದವು. ಮೌಸಿನಿಂದ ಎಳೆ, ಪೆಟ್ಟಿಗೆಯೊಳಗೆ ಬಿಡು, ಗುಂಡಿ ಒತ್ತು, ಮುಗಿಯಿತು. ಇಂಥ ಸೌಕರ್ಯವನ್ನು ಹಳಿಯುವವನು ಮೂಢ. ಅವಸರದಲ್ಲಿ ಒಂದು ಬಿಲ್ಲೆ ಬೇಕಾದವನಿಗೆ ಆದೇಶಗಳ ವ್ಯಾಕರಣ ಬೋಧಿಸುತ್ತ ಕೂತರೆ ಅವನು ಎದ್ದು ಹೋಗುತ್ತಾನೆ, ಹೋಗುವುದೇ ಸರಿ.

ನನ್ನ ಜಗಳ ಸೌಕರ್ಯದ ಮೇಲಲ್ಲ. ಅದು ಯಾವುದರ ಮೇಲೆಂದು ತಿಳಿಯಬೇಕಾದರೆ ನಮ್ಮ ಅವ್ವನ ಹಾಡುಗಳ ಕಥೆ ಕೇಳಬೇಕು.

ನಮ್ಮ ಅವ್ವ ಹಾಡುತ್ತಿದ್ದಳು. ತತ್ವಪದ, ಬೀಸುಕಲ್ಲಿನ ಪದ, ಈ ಸೀಮೆಯಲ್ಲಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಹಾಡುವ ಮೊಹರಮ್ಮಿನ ಪದ. ಅಕ್ಷರ ಬಾರದವಳು, ಎಲ್ಲವೂ ಬಾಯಿಪಾಠ. ಅವಳ 21 ಪದಗಳನ್ನು ನಾನು ಕ್ಯಾಸೆಟ್ಟಿಗೆ ಹಿಡಿದಿದ್ದೆ. 2006ರಲ್ಲಿ ಅವನ್ನು ಹುಮನಾಬಾದಿನ ಒಂದು ಅಂಗಡಿಗೆ ಒಯ್ದು ಸಿಡಿ ಮಾಡಿಸಿಕೊಂಡು ಬಂದೆ. ಬಿಲ್ಲೆಯಲ್ಲಿ ಇನ್ನೂ ಜಾಗವಿತ್ತು. ಒಂದು ತಿಂಗಳು ಕಳೆದು ಅವಳು ಇನ್ನೂ 9 ಪದ ಹಾಡಿದಳು. ಅದೇ ಬಿಲ್ಲೆಯನ್ನು ಮತ್ತೆ ಒಯ್ದು, “ಇದರಾಗೇ ಇವನ್ನೂ ಕೂಡಿಸಪ್ಪ” ಎಂದೆ. ಹುಡುಗ ಕೂಡಿಸಿದ. ಪರದೆಯ ಮೇಲೆ ಹಸಿರು ಗುರುತು ಮೂಡಿತು. “ನೋಡ್ರಿ ಕಾಕಾ, ಸಕ್ಸೆಸ್ ಅಂತ ಬಂದದ” ಎಂದು ಬಿಲ್ಲೆಯನ್ನು ಕೈಗಿತ್ತ. ನಾನು ಅದನ್ನು ಮನೆಗೆ ತಂದು ಟ್ರಂಕಿನಲ್ಲಿ ಭದ್ರವಾಗಿಟ್ಟೆ. ಅಂಗಡಿಯ ಹೆಸರೂ ತಂತ್ರಾಂಶದ ಹೆಸರೂ ಇಲ್ಲಿ ಬೇಡ; ಈ ತಪ್ಪು ಯಾವ ಅಂಗಡಿಯಲ್ಲಿಯೂ ಆಗಬಹುದಾಗಿತ್ತು.

2009ರಲ್ಲಿ ಅವ್ವ ತೀರಿಕೊಂಡಳು. ಎರಡು ವರ್ಷ ಆ ಟ್ರಂಕನ್ನು ತೆರೆಯುವ ಮನಸ್ಸಾಗಲಿಲ್ಲ. ಒಂದು ಶ್ರಾದ್ಧದ ದಿನ ಮೊಮ್ಮಕ್ಕಳಿಗೆ ಕೇಳಿಸೋಣವೆಂದು ಬಿಲ್ಲೆಯನ್ನು ಹಾಕಿದರೆ ಅದರಲ್ಲಿ ಒಂಬತ್ತೇ ಪದ! ಮೊದಲಿನ ಇಪ್ಪತ್ತೊಂದು ಇಲ್ಲವೇ ಇಲ್ಲ. ಕ್ಯಾಸೆಟ್ಟುಗಳನ್ನು ತೆಗೆದು ನೋಡಿದರೆ ಮಳೆಗಾಲದ ಥಂಡಿಗೆ ಬೂಸು ಹಿಡಿದು ಸುರುಳಿ ಅಂಟಿಕೊಂಡಿತ್ತು. ಅಂಗಡಿಗೆ ಓಡಿದೆ. ಹುಡುಗ ನೆನಪು ಮಾಡಿಕೊಂಡು ನೊಂದುಕೊಂಡ. “ಸಕ್ಸೆಸ್ ಅಂತನೇ ಬಂದಿತ್ತಲ್ರಿ ಕಾಕಾ. ಮಷಿನ್ ಸುಳ್ಳು ಹೇಳ್ತದೇನ್ರಿ?” ಎಂದ.

ವಾಚಕರು ಗಮನಿಸಬೇಕು: ಯಂತ್ರ ಸುಳ್ಳು ಹೇಳಿರಲಿಲ್ಲ. ಒಂಬತ್ತು ಪದಗಳನ್ನು ಬರೆ ಎಂದಿದ್ದರು, ಬರೆದಿತ್ತು. ಆದದ್ದು ಇಷ್ಟು. ಒಮ್ಮೆ ಬರೆದ ಬಿಲ್ಲೆಗೆ ಮತ್ತೆ ಬರೆಯಬೇಕಾದರೆ ಎರಡನೆಯ ‘ಸೆಷನ್’ ತೆರೆಯಬೇಕು. ಹಾಗೆ ತೆರೆಯುವಾಗ ಹಿಂದಿನ ಸೆಷನ್ನಿನ ಪಟ್ಟಿಯನ್ನು ಹೊಸ ಪಟ್ಟಿಗೆ ಸೇರಿಸಿಕೊಳ್ಳಬೇಕು. ಸೇರಿಸದಿದ್ದರೆ ಕಂಪ್ಯೂಟರು ಕೊನೆಯ ಪಟ್ಟಿಯನ್ನಷ್ಟೇ ಓದಿ, ಮಿಕ್ಕದ್ದೆಲ್ಲ ಇಲ್ಲವೆಂದೇ ತಿಳಿಯುತ್ತದೆ. ಪುಸ್ತಕದಲ್ಲಿ ಅಧ್ಯಾಯಗಳೆಲ್ಲ ಇದ್ದು ಪರಿವಿಡಿಯಲ್ಲಿ ಕೊನೆಯದೊಂದನ್ನೇ ಅಚ್ಚುಹಾಕಿದಂತೆ. “ಹಿಂದಿನದನ್ನು ಮುಂದುವರಿಸಬೇಕೇ, ಹೊಸದಾಗಿ ಆರಂಭಿಸಬೇಕೇ?” ಎಂದು ಕಿಟಕಿ ಒಂದು ಸಣ್ಣ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿರಬೇಕು. ಹುಡುಗ ಎಂದಿನಂತೆ ‘ಓಕೆ’ ಒತ್ತಿರಬೇಕು. ಇರಬೇಕು, ಇರಬೇಕು ಎಂದು ನಾನು ಹೇಳುತ್ತಿರುವುದು ಏಕೆಂದರೆ, ಅವನು ಏನು ಒತ್ತಿದನೆಂಬುದಕ್ಕೆ ಎಲ್ಲಿಯೂ ಒಂದು ಅಕ್ಷರದ ಗುರುತಿಲ್ಲ. ಅವನಿಗೂ ತಿಳಿಯದು, ನನಗೂ ತಿಳಿಯದು. ಕಿಟಕಿ ಮುಚ್ಚಿತು, ಅದರೊಡನೆ ಕಥೆಯೂ ಮುಚ್ಚಿತು.

ನನ್ನ ಜಗಳ ಇದರ ಮೇಲೆ.

ನಮ್ಮ ಸೀಮೆಯವರಿಗೆ ಈ ಅನುಭವ ಹೊಸದಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ನಾವು ಹೈದರಾಬಾದಿನವರು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಹೊಲದ ಭಾಷೆ ಕನ್ನಡ, ಸಂತೆಯ ಭಾಷೆ ಅರ್ಧ ಮರಾಠಿ. ಉರ್ದುವಿನದೇನೂ ತಪ್ಪಿಲ್ಲ, ಅದು ಇಂದಿಗೂ ನಮ್ಮ ಓಣಿಯ ಎಷ್ಟೋ ಮನೆಗಳ ತಾಯಿನುಡಿ. ತಪ್ಪು ಬೇರೆ ಕಡೆ ಇತ್ತು. ಓದಲು ಬಾರದ ರೈತ ಅರ್ಜಿ ಬರೆಯುವವನ ಮುಂದೆ ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದ. ಇವನು ಹೇಳಿದ್ದೊಂದು, ಅವನು ಬರೆದದ್ದೊಂದು. ಕೊನೆಗೆ ರೈತನ ಹೆಬ್ಬೆರಳು ಹಿಡಿದು ಮಸಿಯಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ವ್ಯವಹಾರ ಮುಗಿಯಿತು. ಎಷ್ಟು ಸುಲಭ! ಆ ಹೆಬ್ಬೆಟ್ಟಿಗಿಂತ ಸುಲಭವಾದ ಸಾಧನವನ್ನು ಯಾರು ಕಂಡುಹಿಡಿದಾರು? ಅಕ್ಷರ ಬೇಡ, ಅಭ್ಯಾಸ ಬೇಡ, ಹೆಬ್ಬೆರಳೊಂದಿದ್ದರೆ ಸಾಕು. ಆ ಸೌಕರ್ಯದಲ್ಲಿ ಎಷ್ಟು ಎಕರೆ ಹೊಲ ಯಾರ ಹೆಸರಿಗೆ ಹೋಯಿತೆಂದು ಹಳಬರನ್ನು ಕೇಳಬೇಕು.

‘ಓಕೆ’ ಎಂಬ ಗುಂಡಿ ಹೊಸ ಹೆಬ್ಬೆಟ್ಟು. ಬಳಸಲು ಸುಲಭ ಎಂಬ ಮಾತಿನಿಂದಲೇ ಅದರ ಸಮರ್ಥನೆ ಮುಗಿಯುವುದಿಲ್ಲ. ಯಾವುದಕ್ಕೆ ಒಪ್ಪಿದೆವು ಎಂಬುದನ್ನು ಆಮೇಲಾದರೂ ಓದಿ ನೋಡಲು ಬಂದೀತೇ ಎಂದು ಕೇಳಬೇಕು. ಹಿಂದೆ ರೈತನ ಹೆಬ್ಬೆಟ್ಟಿನ ಮೇಲೆ ಒಂದು ಕಾಗದವಾದರೂ ಇತ್ತು. ಉರ್ದು ಬಲ್ಲ ಇನ್ನೊಬ್ಬರು ಓದಿ ಹೇಳಬಹುದಾಗಿತ್ತು. ಈ ಹೊಸ ಹೆಬ್ಬೆಟ್ಟಿಗೆ ಆ ಕಾಗದವೂ ಇಲ್ಲ.

ಅವ್ವನ ಪದಗಳು ಏನಾದವೆಂದು ಕೆಲವರು ಕೇಳಿಯಾರು. ಬೀದರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಗೆಳೆಯರ ಮಗನೊಬ್ಬ ರಜೆಗೆ ಬಂದಿದ್ದ. ಅವನ ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು. ಬಿಲ್ಲೆಯನ್ನು ಒಳಗಿಟ್ಟು, ಕಪ್ಪು ಪರದೆಯ ಮೇಲೆ ‘ಮೌಂಟ್’ ಎಂಬ ಆದೇಶ ಬರೆದು, ಅದರ ಪಕ್ಕದಲ್ಲಿ ‘ಸೆಷನ್=1’ ಎಂದು ಸೇರಿಸಿದ. ಕೊನೆಯ ಪಟ್ಟಿಯನ್ನು ಬಿಟ್ಟು ಮೊದಲನೆಯದನ್ನು ಓದು ಎಂದು ಅದರ ಅರ್ಥ. ಇಪ್ಪತ್ತೊಂದೂ ಪದಗಳು ಬಂದು ಸಾಲಾಗಿ ನಿಂತವು. ಬಿಲ್ಲೆಯಲ್ಲಿ ಅವು ಐದು ವರ್ಷವೂ ಇದ್ದವು. ಕಿಟಕಿಗೆ ಕಾಣುತ್ತಿರಲಿಲ್ಲ, ಅಷ್ಟೆ. ಸೆಷನ್ನುಗಳನ್ನು ಬಿಡಿಸಿ ತೋರಿಸುವ ಕಿಟಕಿಯ ತಂತ್ರಾಂಶಗಳೂ ಇವೆಯೆಂದು ಆ ಹುಡುಗನೇ ಆಮೇಲೆ ಹೇಳಿದ. ಇರಲಿ, ಒಪ್ಪುತ್ತೇನೆ. ಆದರೆ ಏನು ಕಳೆದಿದೆಯೆಂದು ತಿಳಿದವನಿಗಲ್ಲವೇ ಅದನ್ನು ಹುಡುಕುವ ಸಾಧನ ಬೇಕಾಗುವುದು? ಸೆಷನ್ ಎಂಬ ಮಾತನ್ನೇ ಮರೆಮಾಡಿ ಕೆಲಸ ಕಲಿಸಿದ ಮೇಲೆ ಅದನ್ನು ಹುಡುಕಲು ಯಾರಿಗೆ ತೋಚೀತು?

ಇನ್ನು ಆ ಕಿಟಕಿಯ ಹಿಂದೆ ಇಣಿಕೋಣ. ಅಲ್ಲೊಂದು ತಮಾಷೆಯಿದೆ.

ಲಿನಕ್ಸಿನಲ್ಲಿ ಸಿಡಿ ಬರೆಯುವ ಕಿಟಕಿಗಳಲ್ಲಿ ‘ಕೆ3ಬಿ’ ಎಂಬುದು ಪ್ರಸಿದ್ಧವಾದುದು. ನೋಡಲು ಚೆಂದ, ಬಳಸಲು ಸುಲಭ. ಆದರೆ ಬಿಲ್ಲೆಯ ಮೇಲೆ ಅದು ತಾನಾಗಿ ಬರೆಯುವುದಿಲ್ಲ. ಗುಂಡಿ ಒತ್ತಿದೊಡನೆ ಅದು ಒಳಗೆ ಹೋಗಿ ನಾನು ಹೊಗಳುತ್ತಿರುವ ಆ ಹಳೆಯ ಆದೇಶಗಳನ್ನೇ ಕರೆಯುತ್ತದೆ. ಕಡತಗಳನ್ನೆಲ್ಲ ಒಟ್ಟುಗೂಡಿಸಿ ಬಿಲ್ಲೆಯ ಅಚ್ಚು ಸಿದ್ಧಮಾಡಲು ‘ಎಂಕೆಐಸೊಎಫ್‌ಎಸ್’; ಆ ಅಚ್ಚನ್ನು ಬಿಲ್ಲೆಗೆ ಇಳಿಸಲು ‘ಸಿಡಿರೆಕಾರ್ಡ್’. ಎರಡನೆಯದನ್ನು ಜರ್ಮನಿಯ ಯೋರ್ಗ್ ಶಿಲ್ಲಿಂಗ್ ಎಂಬವರು 1996ರಿಂದ ಬೆಳೆಸಿಕೊಂಡು ಬಂದರು. 2021ರಲ್ಲಿ ಅವರು ತೀರಿಕೊಂಡರು. 2006ರಲ್ಲಿ ಪರವಾನಗಿಯ ವಿಚಾರವಾಗಿ ಅವರಿಗೂ ಡೆಬಿಯನ್ ಬಳಗಕ್ಕೂ ಜಗಳವಾಗಿ, ಬಳಗದವರು ಅದೇ ಆದೇಶಗಳ ಕವಲನ್ನು ‘ವೋಡಿಮ್’, ‘ಜೆನ್‌ಐಸೊಇಮೇಜ್’ ಎಂಬ ಹೆಸರಿನಿಂದ ಬೇರೆ ಮಾಡಿಕೊಂಡರು. ಅಣ್ಣತಮ್ಮಂದಿರ ಪಾಲಿನ ಜಗಳದಂತೆ ಅದೂ ಬಹಳ ದಿನ ನಡೆಯಿತು. ಆದರೆ ಕಿಟಕಿಯ ಮುಂದೆ ಕುಳಿತವರಿಗೆ ಮನೆ ಪಾಲಾದದ್ದೇ ತಿಳಿಯಲಿಲ್ಲ. ಗುಂಡಿ ಅದೇ, ಹಸಿರು ಗುರುತೂ ಅದೇ.

ಹೀಗಿರುವಲ್ಲಿ ಕಿಟಕಿಗೂ ಆದೇಶಕ್ಕೂ ಇರುವ ಸಂಬಂಧ ದೇವಸ್ಥಾನದ ಹೊರಗಿನ ದಲ್ಲಾಳಿಗೂ ಒಳಗಿನ ದೇವರಿಗೂ ಇರುವಂಥದು. ದಲ್ಲಾಳಿ ಇರಬಾರದೆಂದು ನಾನು ಹೇಳುವುದಿಲ್ಲ. ಜನಸಂದಣಿಯಲ್ಲಿ ಅವನಿಂದಲೂ ಉಪಯೋಗವಿದೆ. ಒಳಗೆ ಏನು ಬಿನ್ನವಿಸಿದೆಯಪ್ಪ ಎಂದು ಕೇಳಿದರೆ ಅವನು ಹೇಳಬೇಕು, ಅಷ್ಟೇ. ಕೆ3ಬಿಯ ಹೆಚ್ಚುಗಾರಿಕೆ ಇಲ್ಲಿಯೇ ಇದೆ: ಕೇಳಿದರೆ ಅದು ಹೇಳುತ್ತದೆ. ತಾನು ಒಳಗೆ ನೀಡಿದ ಆದೇಶವನ್ನು ಇದ್ದಂತೆ ತೋರಿಸುವ ಒಂದು ಗುಂಡಿ ಅದರಲ್ಲಿದೆ. ಕಿಟಕಿಗಳೆಲ್ಲ ಹೀಗಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಈಗ ಸ್ಕ್ರಿಪ್ಟಿನ ವಿಚಾರ. ಹೆಸರು ಕೇಳಿ ಬೆದರುವವರು ಅದನ್ನೊಂದು ಅಡುಗೆಯ ಚೀಟಿಯೆಂದು ತಿಳಿದರೆ ಸಾಕು. ನನ್ನ ಬಳಿ ಇರುವುದರಲ್ಲಿ ಐದೇ ಕೆಲಸ. ಒಂದು, ಪ್ರತಿಯೊಂದು ಕಡತದ ಬೆರಳಚ್ಚು ತೆಗೆದು ಪಟ್ಟಿ ಮಾಡುವುದು. ಕಡತದ ಒಂದು ಅಕ್ಷರ ಬದಲಾದರೂ ಈ ಬೆರಳಚ್ಚು ಬದಲಾಗುತ್ತದೆ. ಎರಡು, ಕಡತಗಳನ್ನೆಲ್ಲ ಸೇರಿಸಿ ಬಿಲ್ಲೆಯ ಅಚ್ಚು ಕಟ್ಟುವುದು. ಮೂರು, ಲೇಸರನ್ನು ಉರಿಸದೆ ಬರಿಯ ತಾಲೀಮು ನಡೆಸಿ ನೋಡುವುದು. ನಾಲ್ಕು, ನಿಧಾನ ವೇಗದಲ್ಲಿ ನಿಜವಾಗಿ ಬರೆಯುವುದು. ಐದು, ಬರೆದ ಬಿಲ್ಲೆಯನ್ನು ಮತ್ತೆ ಓದಿಸಿ, ಮೊದಲಿನ ಪಟ್ಟಿಯೊಡನೆ ಒಂದೊಂದು ಕಡತವನ್ನೂ ತಾಳೆ ನೋಡುವುದು. ಆ ಐದನೆಯ ಸಾಲು 2006ರ ಆ ಸಂಜೆ ಇದ್ದಿದ್ದರೆ, ಮೂವತ್ತು ಪದಗಳ ಪಟ್ಟಿಗೆ ಒಂಬತ್ತೇ ತಾಳೆಯಾದದ್ದು ಅಂಗಡಿಯಲ್ಲಿಯೇ ತಿಳಿಯುತ್ತಿತ್ತು. ಅವ್ವನೂ ಬದುಕಿದ್ದಳು, ಕ್ಯಾಸೆಟ್ಟುಗಳೂ ಚೆನ್ನಾಗಿದ್ದವು.

ಇನ್ನೊಂದು ಸೂಕ್ಷ್ಮವನ್ನೂ ಹೇಳುತ್ತೇನೆ, ಇದು ಕನ್ನಡಿಗರಿಗೆ ಸಂಬಂಧಿಸಿದ್ದು. ಸಿಡಿಯಲ್ಲಿ ಕಡತಗಳನ್ನು ಜೋಡಿಸುವ ಮೂಲ ಕಟ್ಟಳೆಯಾದ ಐಎಸ್‌ಒ 9660 ಹೊರಬಂದದ್ದು 1988ರಲ್ಲಿ. ಅದರ ಕಟ್ಟುನಿಟ್ಟಿನ ರೂಪದಲ್ಲಿ ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ಅದೂ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಒಂದು ಅಡಿಗೆರೆ ಮಾತ್ರ. ‘ಬೀಸುಕಲ್ಲಿನ ಪದ’ ಎಂದು ಕನ್ನಡದಲ್ಲಿ ಹೆಸರಿಟ್ಟ ಕಡತ ಆ ಕಟ್ಟಳೆಗೆ ಸಿಕ್ಕರೆ ಬರಿಯ ಅಡಿಗೆರೆಗಳ ಸಾಲಾಗಿಬಿಡುತ್ತದೆ. ಆಮೇಲೆ ಮೈಕ್ರೋಸಾಫ್ಟಿನವರು ‘ಜೋಲಿಯೆ’ ಎಂಬ ಉಪಕಟ್ಟಳೆ ಸೇರಿಸಿ ಯುನಿಕೋಡಿನಲ್ಲಿ 64 ಅಕ್ಷರಗಳವರೆಗೆ ಹೆಸರಿಡಲು ಅವಕಾಶ ಕೊಟ್ಟರು. ಸ್ಕ್ರಿಪ್ಟಿನಲ್ಲಿ ಇದಕ್ಕೆ ಬೇಕಾದದ್ದು ‘ಜೆ’ ಎಂಬ ಒಂದೇ ದೊಡ್ಡಕ್ಷರ. ನನ್ನ ಚೀಟಿಯಲ್ಲಿ ಅದರ ಮೇಲೆ ಕನ್ನಡದಲ್ಲಿಯೇ ಒಂದು ಟಿಪ್ಪಣಿಯಿದೆ: ಈ ಅಕ್ಷರವನ್ನು ತೆಗೆಯಬೇಡಿ, ತೆಗೆದರೆ ಕನ್ನಡದ ಹೆಸರುಗಳು ಹೋಗುತ್ತವೆ. ನಾಳೆ ನಾನಿಲ್ಲದಾಗ ಆ ಚೀಟಿ ಹಿಡಿದವನಿಗೆ ಕಾರಣ ತಿಳಿಯುತ್ತದೆ. ಕಿಟಕಿಯಲ್ಲಿ ಇದೇ ಆಯ್ಕೆ ಯಾವ ಹಾಳೆಯ ಯಾವ ಮೂಲೆಯಲ್ಲಿದೆಯೋ, ಯಾವಾಗ ಯಾರು ಅದರ ಗುರುತು ತೆಗೆದರೋ, ಏಕೆ ತೆಗೆದರೋ, ಬಲ್ಲವರಾರು?

ಇಷ್ಟು ಹೇಳಿದ ಮೇಲೆ ಆಕ್ಷೇಪಣೆಗಳು ಬರುತ್ತವೆ. ಒಂದೊಂದನ್ನೇ ಎದುರುಗೊಳ್ಳುತ್ತೇನೆ.

ಆದೇಶಗಳೆಲ್ಲ ಇಂಗ್ಲಿಷಿನಲ್ಲಿವೆ, ನಮ್ಮ ಜನಕ್ಕೆ ಬಾರವು ಎನ್ನುವರು. ನಿಜ. ಆದರೆ ನಮ್ಮ ಅಂಗಡಿಯ ಕಿಟಕಿಗಳು ಮಾತನಾಡುತ್ತಿದ್ದುದು ಯಾವ ಭಾಷೆಯಲ್ಲಿ? ಲಿನಕ್ಸಿನ ಕೆಲವು ಕಿಟಕಿಗಳನ್ನು ಸ್ವಯಂಸೇವಕರು ಕಷ್ಟಪಟ್ಟು ಕನ್ನಡಕ್ಕೆ ತಂದಿದ್ದಾರೆ, ಅವರಿಗೆ ನಮಸ್ಕಾರ. ಆದರೂ ಅಂಗಡಿಯಲ್ಲಿ ಕಂಡದ್ದು ಇಂಗ್ಲಿಷಿನ ಪೆಟ್ಟಿಗೆ, ಇಂಗ್ಲಿಷಿನ ಪ್ರಶ್ನೆ, ಇಂಗ್ಲಿಷಿನ ಓಕೆ. ಸ್ಕ್ರಿಪ್ಟಿನಲ್ಲಿಯಾದರೆ ಇಂಗ್ಲಿಷಿನ ಹತ್ತು ಮಾತು, ಅವುಗಳ ಮೇಲೆ ಕನ್ನಡದ ಇಪ್ಪತ್ತು ಸಾಲು ಟಿಪ್ಪಣಿ. ನನ್ನ ಚೀಟಿಯ ಹೆಸರೇ ‘ಸಿಡಿಬರೆ’ ಎಂದು ಕನ್ನಡ ಲಿಪಿಯಲ್ಲಿದೆ. ಕಂಪ್ಯೂಟರು ಅದನ್ನು ತಕರಾರಿಲ್ಲದೆ ನಡೆಸುತ್ತದೆ. ಕಪ್ಪು ಪರದೆಯ ಮೇಲೆ ಕನ್ನಡದ ಒತ್ತಕ್ಷರಗಳು ಎಷ್ಟೋ ಸಲ ಸೊಟ್ಟಗೆ ನಿಲ್ಲುತ್ತವೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದು ತಿದ್ದಬೇಕಾದ ದೋಷ, ಓಡಿಹೋಗಲು ಕಾರಣವಲ್ಲ. ಅಂದಹಾಗೆ, ಇಂಗ್ಲಿಷಿನವರು ಸಿಡಿಯನ್ನು ‘ಸುಡು’ ಎನ್ನುತ್ತಾರೆ, ನಾವು ‘ಬರೆ’ ಎನ್ನುತ್ತೇವೆ. ಬರೆ ಎಂದರೆ ಬರವಣಿಗೆಯೂ ಹೌದು, ಕಾದ ಕಬ್ಬಿಣದಿಂದ ಹಾಕುವ ಗುರುತೂ ಹೌದು. ಲೇಸರ್ ಕಿರಣ ಬಿಲ್ಲೆಯ ಬಣ್ಣದ ಪದರವನ್ನು ಕಾಯಿಸಿ ಗುರುತು ಮೂಡಿಸುವ ಆ ಕೆಲಸಕ್ಕೆ ಕನ್ನಡದ ಒಂದೇ ಮಾತು ಎರಡು ಅರ್ಥದಲ್ಲೂ ಒಪ್ಪುತ್ತದೆ. ನಮ್ಮ ನುಡಿ ಈ ಕಸುಬಿಗೆ ಸಾಲದೆನ್ನುವವರು ಇದನ್ನು ನೆನೆಯಲಿ.

ಆದೇಶದಲ್ಲಿ ಒಂದಕ್ಷರ ತಪ್ಪಿದರೆ ಅನಾಹುತವಾಗುವುದಿಲ್ಲವೇ ಎನ್ನುವರು. ಆಗುತ್ತದೆ. ಬಿಲ್ಲೆಯ ಹೆಸರಿನ ಜಾಗದಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಹೆಸರು ಬರೆದು ವರ್ಷಗಳ ಕೆಲಸವನ್ನು ಒರೆಸಿ ಹಾಕಿದ ಮಹಾನುಭಾವರು ಲೋಕದಲ್ಲಿದ್ದಾರೆ. ಸ್ಕ್ರಿಪ್ಟೆಂದರೆ ಅಪೌರುಷೇಯವಲ್ಲ. ಆದರೆ ವ್ಯತ್ಯಾಸ ನೋಡಿ: ಸ್ಕ್ರಿಪ್ಟಿನ ತಪ್ಪು ಬರೆದಿರುತ್ತದೆ. ಬಲ್ಲವರೊಬ್ಬರು ಓದಿ, ಇಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸಬಹುದು. ಒಮ್ಮೆ ತಿದ್ದಿದರೆ ಆ ಚೀಟಿಯ ಮಟ್ಟಿಗೆ ಆ ತಪ್ಪು ಮುಗಿಯಿತು. ಕಿಟಕಿಯಲ್ಲಿ ಮಾಡಿದ ತಪ್ಪನ್ನು ನಾಳೆ ಇನ್ನೊಬ್ಬ ಹುಡುಗ ಹೊಸದಾಗಿ ಮಾಡುತ್ತಾನೆ, ಮೊದಲಿನವನಷ್ಟೇ ಮುಗ್ಧವಾಗಿ.

ಸಿಡಿಯ ಕಾಲವೇ ಮುಗಿಯಿತು, ಸತ್ತ ಕುದುರೆಗೆ ಲಾಳ ಕಟ್ಟುವಿರೇಕೆ ಎನ್ನುವರು ಇನ್ನು ಕೆಲವರು. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಬಿಲ್ಲೆ ಇಡುವ ಬಾಯಿಯೇ ಇಲ್ಲ, ನಾನೂ ಬಲ್ಲೆ. ಆದರೆ ಬಿಲ್ಲೆ ಹೋದರೆ ಹೆಬ್ಬೆಟ್ಟು ಹೋಯಿತೇ? ಅದು ಅಂಗೈಯ ಫೋನಿನೊಳಗೆ ಬಂದು ಕೂತಿದೆ. ನಿಮ್ಮ ಮದುವೆಯ ಚಿತ್ರಗಳು ಈಗ ಎಲ್ಲಿವೆ, ಎಷ್ಟು ಪ್ರತಿಗಳಿವೆ, ಯಾವ ಷರತ್ತಿನ ಮೇಲೆ ಇವೆ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ?

ನ್ಯಾಯಾಲಯಗಳಿಗಂತೂ ಈ ಪ್ರಶ್ನೆ ಸಾಯಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಅನ್ವರ್ ಮತ್ತು ಬಶೀರ್ ಎಂಬವರ ನಡುವಿನ ಚುನಾವಣಾ ತಕರಾರಿನಲ್ಲಿ, ಕಾನೂನು ಹೇಳಿದ ಪ್ರಮಾಣಪತ್ರವಿಲ್ಲದೆ ತಂದ ಸಿಡಿಗಳನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ‘ಹ್ಯಾಶ್’ ಬೆಲೆಯನ್ನು, ಅಂದರೆ ನಾನು ಮೇಲೆ ಹೇಳಿದ ಆ ಬೆರಳಚ್ಚನ್ನೇ, ಬರೆಯಬೇಕು. ವಿಂಡೋಸಿನಲ್ಲಿ ಅದನ್ನು ತೆಗೆಯಲು ಒಳಗೇ ಇರುವ ಒಂದು ಸಾಧನ ‘ಸರ್ಟ್‌ಯುಟಿಲ್’ ಎಂಬ ಆದೇಶ. ಅದನ್ನು ಬರೆಯಬೇಕಾದುದು ಕಪ್ಪು ಪರದೆಯ ಮೇಲೆ! ಕಿಟಕಿಗಳ ಸಾಮ್ರಾಜ್ಯದಲ್ಲೂ ಸತ್ಯ ಹೇಳಬೇಕಾದಾಗ ಒಂದು ಸಾಲು ಬರೆಯಬೇಕಾಯಿತು.

ಈ ಮಾತು ಕಲ್ಯಾಣಕ್ಕೆ ಹೊಸದೇನಲ್ಲ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮೂರಿನಲ್ಲಿಯೇ ಕುಳಿತು ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿ ವ್ಯವಹಾರದಲ್ಲಿ ಮೂರು ಬಗೆಯ ಪ್ರಮಾಣ ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಬರೆದ ಪತ್ರ, ಅನುಭೋಗ, ಕಂಡವರ ಮಾತು. ಸ್ಕ್ರಿಪ್ಟು ಲಿಖಿತ. ಕಿಟಕಿಯಲ್ಲಿ ಮಾಡಿದ ಕೆಲಸಕ್ಕೆ ಭುಕ್ತಿಯೊಂದೇ ಆಧಾರ: ಬಿಲ್ಲೆ ನನ್ನ ಕೈಯಲ್ಲಿದೆ, ಆದುದರಿಂದ ಹಾಡುಗಳು ನನ್ನಲ್ಲಿವೆ ಎಂಬ ನಂಬಿಕೆ. ಆ ನಂಬಿಕೆಯನ್ನು ನಾನು ಐದು ವರ್ಷ ಟ್ರಂಕಿನಲ್ಲಿಟ್ಟು ಕಾಪಾಡಿದೆ.

ಈಗ ಮಿತ್ರರ ಮುಖ್ಯ ಮಾತಿಗೆ ಬರೋಣ. ಕಿಟಕಿಯೇ ವಚನ, ಆದೇಶವೇ ಮಂತ್ರ ಎಂದರಲ್ಲ! ಶರಣರು ಮಂತ್ರವನ್ನು ತೆಗೆದು ಆ ಜಾಗದಲ್ಲಿ ಚಿತ್ರವನ್ನು ಇಟ್ಟರೇ? ಮಾತನ್ನು ಬಿಟ್ಟು ಗುಂಡಿ ಕೊಟ್ಟರೇ? ಮಾತನ್ನೇ ಕೊಟ್ಟರು, ಎಲ್ಲರಿಗೂ ತಿಳಿಯುವ ಮಾತನ್ನು. ಅಂಬಿಗನೂ ಮಡಿವಾಳನೂ ನುಲಿ ಹೊಸೆಯುವವನೂ ಕೇಳಿ ತಿಳಿದು, ತಿರುಗಿ ಪ್ರಶ್ನೆ ಹಾಕಿ, ತಾವೇ ವಚನ ಹೇಳಿದರು. ತಿಳಿಯುವಂತೆ ಹೇಳುವುದು ಒಂದು, ತಿಳಿಯುವ ಗೊಡವೆ ನಿನಗೇಕೆ ಎನ್ನುವುದು ಇನ್ನೊಂದು. ಮೊದಲನೆಯದು ಅನುಭವ ಮಂಟಪದ ದಾರಿ. ಎರಡನೆಯದು ಪೂಜಾರಿಯದು: ಕಾಯಿ ಕೊಡು, ಹೊರಗೆ ನಿಲ್ಲು, ಒಳಗೆ ಏನಾಯಿತೆಂದು ಕೇಳಬೇಡ, ಪ್ರಸಾದ ಬಂತಲ್ಲ, ಹೋಗು. ಕಿಟಕಿ ಇವೆರಡರಲ್ಲಿ ಯಾವುದನ್ನು ಹೋಲುತ್ತದೆಯೆಂದು ಮಿತ್ರರೇ ನಿರ್ಣಯಿಸಲಿ.

ವಚನಗಳು ನಮಗೆ ಉಳಿದು ಬಂದ ಬಗೆಯನ್ನೂ ನೆನೆಯಬೇಕು. ಯಾರೋ ಪ್ರತಿಕಾರರು ಓಲೆಗರಿಯ ಮೇಲೆ ಮತ್ತೆ ಮತ್ತೆ ಬರೆದರು. ಫ. ಗು. ಹಳಕಟ್ಟಿಯವರು ಆ ಓಲೆಗಳನ್ನು ಹುಡುಕಿ ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚುಹಾಕಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಹಳೆಯ ಓಲೆಗಳ ಕೊನೆಯಲ್ಲಿ ಪ್ರತಿಕಾರ ಎಷ್ಟೋ ಕಡೆ ತನ್ನ ಹೆಸರು, ಬರೆದು ಮುಗಿಸಿದ ದಿನ, ತಪ್ಪಿದ್ದರೆ ತಿದ್ದಿಕೊಳ್ಳಿರೆಂಬ ಬಿನ್ನಹ ಇಷ್ಟನ್ನು ಸೇರಿಸುತ್ತಿದ್ದ. ತಾನು ಏನು ಮಾಡಿದೆನೆಂಬುದರ ಲೆಕ್ಕವನ್ನು ಮುಂದಿನವರಿಗೆ ಒಪ್ಪಿಸುತ್ತಿದ್ದ. ಆ ಬಡ ಪ್ರತಿಕಾರನಲ್ಲಿದ್ದ ಸೌಜನ್ಯ ಇಂದಿನ ಸಾವಿರ ರೂಪಾಯಿಯ ತಂತ್ರಾಂಶದಲ್ಲಿ ಇರಬಾರದೇ?

ಆದುದರಿಂದ ನನ್ನ ಬೇಡಿಕೆ ಸಣ್ಣದು. ತನ್ನ ಕೆಲಸಕ್ಕೆ ತಾನೇ ಬಿಲ್ಲೆ ಬರೆದುಕೊಳ್ಳುವವನು ಯಾವ ಗುಂಡಿಯನ್ನಾದರೂ ಒತ್ತಲಿ. ಇನ್ನೊಬ್ಬರ ಸೊತ್ತನ್ನು ಕಾಪಾಡಲು ಕೂತವರ ಮಾತು ಬೇರೆ. ಗ್ರಂಥಾಲಯ, ಶಾಲೆ, ಮಠ, ದರ್ಗಾ, ಕಚೇರಿ, ಅಷ್ಟೇಕೆ, ದುಡ್ಡು ತೆಗೆದುಕೊಂಡು ಕೆಲಸ ಮಾಡಿಕೊಡುವ ಅಂಗಡಿ, ಇವರೆಲ್ಲ ತಾವು ನಡೆಸಿದ ಆದೇಶಗಳನ್ನು ಬರೆದಿಡಬೇಕು, ಅವುಗಳ ಮೇಲೆ ಕನ್ನಡದಲ್ಲಿ ಟಿಪ್ಪಣಿ ಬರೆಯಬೇಕು, ಬಿಲ್ಲೆಯೊಡನೆ ಆ ಚೀಟಿಯನ್ನೂ ಒಪ್ಪಿಸಬೇಕು. ತಂತ್ರಾಂಶ ಮಾಡುವವರು ತಮ್ಮ ಕಿಟಕಿಯಲ್ಲಿ ‘ನಾನು ಮಾಡಿದ್ದು ಇದು’ ಎಂದು ತೋರಿಸುವ ಒಂದು ಗುಂಡಿ ಇಡಬೇಕು. ಇಷ್ಟಾದರೆ ಕಿಟಕಿಗೂ ನನಗೂ ವೈರವಿಲ್ಲ.

ಅವ್ವನ ಮೂವತ್ತು ಪದಗಳು ಈಗ ಮೂರು ಬಿಲ್ಲೆಗಳಲ್ಲಿ, ಎರಡು ಹಾರ್ಡ್ ಡಿಸ್ಕುಗಳಲ್ಲಿ ಇವೆ. ಬಿಲ್ಲೆಯ ಬಣ್ಣವೂ ಒಂದು ದಿನ ಮಾಸುತ್ತದೆ. ಅದಕ್ಕೆಂದೇ ವರ್ಷಕ್ಕೊಮ್ಮೆ, ಅವಳ ತಿಥಿಯ ದಿನ, ಆ ಐದನೆಯ ಸಾಲನ್ನು ನಡೆಸುತ್ತೇನೆ. ಮೂವತ್ತೂ ತಾಳೆಯಾದವೆಂದು ಪರದೆ ಹೇಳಿದ ಮೇಲೆ ಊಟಕ್ಕೆ ಏಳುತ್ತೇನೆ. ಪ್ರತಿಯೊಂದು ಬಿಲ್ಲೆಯ ಡಬ್ಬಿಯೊಳಗೂ ಆ ಚೀಟಿಯನ್ನು ಮಡಿಸಿಟ್ಟಿದ್ದೇನೆ. ಹುಮನಾಬಾದಿನ ಮಿತ್ರರು ಮುಂದಿನ ಸಲ ಮನೆಗೆ ಬಂದಾಗ ಅವರಿಗೂ ಒಂದು ಪ್ರತಿ ಕೊಡುವವನಿದ್ದೇನೆ. ಓದಿ ನೋಡಲಿ. ತಪ್ಪಿದ್ದರೆ ತಿದ್ದಲಿ.